ಕಾಳಿನ ಆಕಾರ, ಹಿಂಡಿನ ಲೆಕ್ಕ

ಗಂಗಾವತಿಯ ಯಾವ ರೈಸ್ ಮಿಲ್ಲಿಗೆ ಹೋದರೂ, ಮೋಟಾರು ಓಡುವಷ್ಟು ಹೊತ್ತು ಜರಡಿಯ ಮೇಲಿನ ಅಕ್ಕಿ ಕುಣಿಯುತ್ತಲೇ ಇರುತ್ತದೆ. ಕರೆಂಟು ಹೋಯಿತೋ, ಕಾಳು ಇದ್ದಲ್ಲೇ ನಿಂತಿತು. ಹೊರಗಿನಿಂದ ಶಕ್ತಿ ಹರಿದುಬರುವತನಕ ಮಾತ್ರ ಬಾಳುವ ಇಂಥ ಸ್ಥಿತಿಗೆ ಭೌತವಿಜ್ಞಾನದಲ್ಲಿ ಅಸಮತೋಲ ಎಂದು ಹೆಸರು. ಸಮತೋಲದಲ್ಲಿರುವ ವಸ್ತುಗಳಿಗೆ ಬೋಲ್ಟ್ಸ್‌ಮನ್ ಮತ್ತು ಗಿಬ್ಸ್ ಎಲ್ಲಕ್ಕೂ ಒಪ್ಪುವ ಸೂತ್ರವೊಂದನ್ನು ಕೊಟ್ಟು ಹೋದರು. ಅಸಮತೋಲಕ್ಕೆ ಅಂಥ ಸೂತ್ರ ಇವತ್ತಿಗೂ ಸಿಕ್ಕಿಲ್ಲ.

ಸೂತ್ರವಿಲ್ಲದಿದ್ದರೂ ಕೆಲಸ ನಿಲ್ಲಲಿಲ್ಲ. ತಿಂದ ಶಕ್ತಿಯಿಂದ ಚಲಿಸುವ ಪ್ರಾಣಿಗಳ ಹಿಂಡೂ ಅಸಮತೋಲದ್ದೇ. 1995ರಲ್ಲಿ ಹಂಗೇರಿಯ ತಮಾಶ್ ವಿಚೆಕ್ ಮತ್ತು ಸಂಗಡಿಗರು ಹಿಂಡಿನ ಸರಳ ಮಾದರಿಯೊಂದನ್ನು ಕಟ್ಟಿದರು: ಪ್ರತಿ ಕಣವೂ ನೆರೆಯವರ ಸರಾಸರಿ ದಿಕ್ಕಿಗೆ ತಿರುಗುತ್ತದೆ, ತಿರುಗುವಾಗ ಒಂದಿಷ್ಟು ತಪ್ಪುತ್ತದೆ. ಅದೇ ವರ್ಷ ಜಾನ್ ಟೋನರ್ ಮತ್ತು ಯುಹಾಯ್ ತು ಅದನ್ನು ಹರಿಯುವ ದ್ರವದ ಸಮೀಕರಣದಂತೆ ಬರೆದರು. ಬೆಂಗಳೂರು ಈ ಕಥೆಯೊಳಗೆ ಬಂದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀರಾಮ್ ರಾಮಸ್ವಾಮಿಯವರ ಮೂಲಕ. ಸಾಲುಗಟ್ಟಿ ಈಜುವ ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳ ಸಾಲು ತಾನಾಗಿ ಕದಡಿಹೋಗುತ್ತದೆ ಎಂದು 2002ರಲ್ಲಿ ಅದಿತಿ ಸಿಂಹ ಅವರೊಂದಿಗೆ ತೋರಿಸಿದರು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಮದನ್ ರಾವ್, ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ (ಎನ್‌ಸಿಬಿಎಸ್) ಸತ್ಯಜಿತ್ ಮೇಯರ್ ಜೊತೆ ಸೇರಿ ಇದೇ ವಿಚಾರವನ್ನು ಜೀವಕೋಶದ ಪೊರೆಗೆ ಒಯ್ದರು. ಈ ಕ್ಷೇತ್ರದ ಹೆಸರಾಂತ ಸಮೀಕ್ಷಾ ಲೇಖನ 2013ರಲ್ಲಿ ಬಂದಾಗ ಅದರ ಏಳು ಮಂದಿ ಲೇಖಕರಲ್ಲಿ ಮೂವರು ಭಾರತದಲ್ಲೇ ಕೆಲಸ ಮಾಡುತ್ತಿದ್ದವರು. ಪ್ರತಿ ಕಣವೂ ತಾನೇ ಶಕ್ತಿ ಬಳಸಿ ಚಲಿಸುವ ವಸ್ತುವಿನ, ಅಂದರೆ ‘ಸಕ್ರಿಯ ದ್ರವ್ಯ’ದ, ಈ ಪಂಥ ನಮ್ಮಲ್ಲಿಗೆ ಆಮದಾದದ್ದೆಂದು ಹೇಳುವಂತಿಲ್ಲ. ಅರ್ಧ ಇಲ್ಲೇ ಬೆಳೆದದ್ದು.

ಪಂಥದ ನಂಬಿಕೆ ದಿಟ್ಟವಾದದ್ದು. ಕಣ ಯಾವುದೆಂದು ಕೇಳಬೇಡಿ. ಅದಕ್ಕೆ ತಲೆ-ಬಾಲದ ಭೇದವುಂಟೆ, ಅದು ನೀರಲ್ಲಿದೆಯೋ ನೆಲದ ಮೇಲಿದೆಯೋ ಎಂದಷ್ಟೇ ಕೇಳಿ, ಉಳಿದದ್ದನ್ನು ಗಣಿತ ಹೇಳುತ್ತದೆ. ಹಾಗೆ ಹೇಳಿದ್ದರಲ್ಲಿ ಒಂದು ಬೆರಗಿನದು. ಒಂದು ಚೌಕದಲ್ಲಿ ಸರಾಸರಿ 10,000 ಕಣಗಳಿದ್ದರೆ, ಸಮತೋಲದಲ್ಲಿ ಆ ಎಣಿಕೆಯ ಏರಿಳಿತ 100ರ ಆಸುಪಾಸು, ಅಂದರೆ ವರ್ಗಮೂಲದಷ್ಟು. ತಲೆ-ಬಾಲದ ಭೇದವಿಲ್ಲದೆ ಒಂದೇ ಜಾಡಿನಲ್ಲಿ ಸಾಲುಗೊಂಡ ಸಕ್ರಿಯ ಕಡ್ಡಿಗಳಲ್ಲಾದರೆ ಏರಿಳಿತ ಎಣಿಕೆಯ ಜೊತೆಜೊತೆಗೇ ಬೆಳೆಯುತ್ತದೆ ಎಂದು 2003ರ ಲೆಕ್ಕ ಹೇಳಿತು. ಒಂದು ಕಡೆ ದಟ್ಟಣೆ, ಇನ್ನೊಂದು ಕಡೆ ಬಟಾಬಯಲು. 2007ರಲ್ಲಿ ವಿಜಯ್ ನಾರಾಯಣ್, ರಾಮಸ್ವಾಮಿ ಮತ್ತು ನಾರಾಯಣನ್ ಮೆನನ್ ತಾಮ್ರದ ತಂತಿಯ ತುಣುಕುಗಳನ್ನು ಕಂಪಿಸುವ ತಟ್ಟೆಯ ಮೇಲೆ ಕುಣಿಸಿ, ಅದನ್ನು ಕಂಡೆವು ಎಂದರು. ಮರುವರ್ಷವೇ ತಕರಾರು ಬಂತು: ಡಿಕ್ಕಿ ಹೊಡೆದು ವೇಗ ಕಳೆದುಕೊಳ್ಳುವ ಕಣಗಳು ಗುಂಪುಗೂಡಿದರೂ ಇಂಥದ್ದೇ ಏರಿಳಿತ ಕಂಡೀತಲ್ಲ? ಲೇಖಕರು ಉತ್ತರ ಕೊಟ್ಟರು. ಆದರೂ ತಕರಾರಿನ ಮೊನೆ ನನಗೆ ಇನ್ನೂ ಚುಚ್ಚುತ್ತದೆ. ಅಂಕಿ ಹೊಂದಿತು ಎಂದಮಾತ್ರಕ್ಕೆ ಕಾರಣ ಸಿಕ್ಕಿತೆನ್ನಲಾಗದು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇದೇ ಮೂವರ 2006ರ ಪ್ರಯೋಗ. ಅದರ ಬಗ್ಗೆ ಮಾತಾಡುವವರು ಕಡಿಮೆ. ಅಲ್ಲಿ ಮೂರು ಬಗೆಯ ಕಡ್ಡಿಗಳಿದ್ದವು. ನೆಟ್ಟನೆಯ ಉರುಳೆಗಳು ಒಂದಕ್ಕೊಂದು ಸಮಾನಾಂತರವಾಗಿ ಇಲ್ಲವೇ ಅಡ್ಡಲಾಗಿ, ಚೌಕದ ಚೌಕಟ್ಟಿಗೆ ಒಲಿದವು. ಲಟ್ಟಣಿಗೆಯಂತೆ ತುದಿ ಸಣ್ಣಗಿದ್ದವು ಒಂದೇ ಜಾಡಿಗೆ ಬಿದ್ದವು. ಮೂರನೆಯದು ಉದ್ದ ಕಾಳಿನ ಬಾಸ್ಮತಿ ಅಕ್ಕಿ; ಅದು ಪದರಪದರವಾಗಿ ಜೋಡಣೆಗೊಳ್ಳುವ ಲಕ್ಷಣ ತೋರಿತು. (ಗಂಗಾವತಿಯ ಸೋನಾ ಮಸೂರಿ ಹಾಕಿದ್ದರೆ ಏನಾಗುತ್ತಿತ್ತೋ!) ಉದ್ದ-ದಪ್ಪದ ಅನುಪಾತ ಒಂದೇ ಇದ್ದರೂ ತುದಿ ಹೇಗಿದೆ ಎಂಬುದರ ಮೇಲೆ ಜೋಡಣೆ ಬದಲಾಯಿತು. ವಿವರ ಬೇಡ ಎನ್ನುವ ಪಂಥಕ್ಕೆ ಅದರ ಪ್ರಯೋಗಶಾಲೆಯೇ ವಿವರ ಬೇಕು ಎಂದಿತು. ಸಮೀಕರಣ ಒಂದು ಹಂತದ ಸ್ವಭಾವವನ್ನು ಹೇಳಬಲ್ಲದು. ಆ ಹಂತಕ್ಕೆ ವಸ್ತು ತಲುಪುತ್ತದೆಯೇ ಎನ್ನುವುದನ್ನು ಕಾಳೇ ಹೇಳಬೇಕು.

ಜೀವಿಗಳ ವಿಷಯದಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಅಪಾರ ಸಂಖ್ಯೆಯ ಕಣಗಳಿಗೆ ಬರೆದ ಸಮೀಕರಣವನ್ನು ಮೂವತ್ತು ಮೀನಿಗೆ ಹಚ್ಚುವುದು ಹೇಗೆ? ಇಲ್ಲಿ ಪಂಥವನ್ನು ತಿದ್ದಿದವರೂ ಭಾರತೀಯ ವಿಜ್ಞಾನ ಸಂಸ್ಥೆಯವರೇ. ಪರಿಸರ ವಿಜ್ಞಾನ ಕೇಂದ್ರದ ವಿಶ್ವೇಶ ಗುತ್ತಲ್ ಮತ್ತು ಸಂಗಡಿಗರು ಕೇರಳದಲ್ಲಿ ಕರಿಮೀನ್ ಎನ್ನುವ ಮೀನನ್ನು 15, 30, 60ರ ಗುಂಪುಗಳಲ್ಲಿ ಚಿತ್ರೀಕರಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುಂಪು ಚಿಕ್ಕದಾದಷ್ಟೂ ಒಂದೇ ದಿಕ್ಕಿಗೆ ಈಜುವ ಶಿಸ್ತು ಹೆಚ್ಚು! ಎಲ್ಲರನ್ನೂ ನೋಡಿ ಸರಾಸರಿ ತೆಗೆಯುವ ಗೊಡವೆ ಮೀನಿಗಿಲ್ಲ. ಯಾವುದೋ ಒಂದನ್ನು ನೋಡಿ ಅದು ತಿರುಗಿದತ್ತ ತಿರುಗುತ್ತದೆ. ಚಿಕ್ಕ ಗುಂಪಿನ ಗದ್ದಲವೇ, ಅಂದರೆ ಆಕಸ್ಮಿಕ ಏರುಪೇರೇ, ಶಿಸ್ತನ್ನು ಹುಟ್ಟಿಸುತ್ತದೆ. ವಿಚೆಕ್ ಮಾದರಿಯಲ್ಲಿ ಶಿಸ್ತು ಕೆಡಿಸುವ ಗದ್ದಲ ಇಲ್ಲಿ ಶಿಸ್ತಿನ ತಾಯಿ. ತಾಮ್ರದ ಕಡ್ಡಿ ಈ ಮಾತನ್ನು ಎಂದೂ ಹೇಳುತ್ತಿರಲಿಲ್ಲ.

ಕುರಿಗಳ ಲೆಕ್ಕವನ್ನೂ ವಿಜ್ಞಾನಿಗಳು ಹಿಡಿದಿದ್ದಾರೆ, ಫ್ರಾನ್ಸಿನಲ್ಲಿ. ಮೇಯುತ್ತ ಚದುರುವ ಮೆರಿನೋ ಕುರಿಗಳು ಇದ್ದಕ್ಕಿದ್ದಂತೆ ಓಡಿ ಒಟ್ಟುಗೂಡುವುದನ್ನು 2015ರಲ್ಲಿ ವಿವರಿಸಿದರು. ಮುಂದಾಳು ಯಾರೆಂಬುದು ಸರದಿಯಂತೆ ಬದಲಾಗುತ್ತದೆ ಎಂದು 2022ರಲ್ಲಿ ತೋರಿಸಿದರು. ಕುಷ್ಟಗಿ ಬಯಲಿನ ಹಿಂಡುಗಳಲ್ಲಿ ಕುರಿಗಾಹಿಯ ಸಿಳ್ಳೆ, ನಾಯಿ, ಟಗರು, ನಡುವೆ ನಾಲ್ಕಾರು ಆಡು ಎಲ್ಲ ಸೇರಿರುತ್ತವೆ. ಫ್ರಾನ್ಸಿನ ಬೇಲಿಯೊಳಗಿನ ಕುರಿಗಳಿಗಿಂತ ಇವು ಕಠಿಣ ಲೆಕ್ಕ. ಕಠಿಣವಾದ್ದರಿಂದಲೇ ಮಾದರಿಗೆ ಒಳ್ಳೆಯ ಪರೀಕ್ಷೆ.

ಗುತ್ತಲ್ ಬಳಗ ಡ್ರೋನ್ ವೀಡಿಯೊದಲ್ಲಿ ಕೃಷ್ಣಮೃಗಗಳನ್ನು ಗುರುತಿಸಿ ಜಾಡು ಹಿಡಿಯುವ ತಂತ್ರಾಂಶವನ್ನೂ ರೂಪಿಸಿದೆ. ಯಲಬುರ್ಗಾ ಸೀಮೆಯ ಎರೆಹೊಲಗಳಲ್ಲಿ ಚಿಗರಿ (ಕೃಷ್ಣಮೃಗ) ಹಿಂಡುಗಳಿಗೆ ಬರವಿಲ್ಲ; ಬಿತ್ತಿದ ಬೆಳೆ ಅವುಗಳ ಬಾಯಿಗೆ ಹೋಗುವುದನ್ನು ರೈತರು ನೋಡುತ್ತಲೇ ಇದ್ದಾರೆ. ಹಿಂಡು ಯಾವಾಗ ಒಡೆಯುತ್ತದೆ, ಯಾವ ಕಡೆ ತಿರುಗುತ್ತದೆ ಎಂದು ಹೇಳಬಲ್ಲ ಮಾದರಿ ಮೊದಲು ಬೇಕಿರುವುದು ಅವರಿಗೆ. ಸಕ್ರಿಯ ದ್ರವ್ಯದ ಮುಂದಿನ ಪ್ರಯೋಗ ಕಂಪಿಸುವ ತಟ್ಟೆಯಿಂದಿಳಿದು ಆ ಹೊಲಕ್ಕೆ ಬರಲಿ.