ಕನ್ನಡ ಇಮೇಲಿನ ನಾಲ್ಕು ತಲೆಸಾಲುಗಳಿಗೆ ವ್ಯಾಖ್ಯಾನ

ಕನ್ನಡದಲ್ಲಿ ಬರೆದ ಇಮೇಲ್ ಓದುವವರ ಪರದೆಯ ಮೇಲೂ ಕನ್ನಡವಾಗಿಯೇ ಮೂಡಬೇಕಾದರೆ, ಒಡಲಿಗೆ ಮುಂಚೆ ಬರುವ ನಾಲ್ಕು ಸಾಲುಗಳು ನೇರವಾಗಿರಬೇಕು. ಹೆಡರ್ ಎನಿಸಿಕೊಳ್ಳುವ ಇವು ಮರೆಯಲ್ಲಿರುತ್ತವೆ. ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಕಾಣುತ್ತವೆ. ಅವುಗಳನ್ನು ಕನ್ನಡ ಲಿಪಿಗಿಳಿಸಿ ಒಂದೊಂದಾಗಿ ವಿವರಿಸಲಾಗುವುದು.

ಮೈಮ್-ವರ್ಷನ್: 1.0

ಇದು ಪ್ರತಿಜ್ಞಾವಾಕ್ಯ. ‘ಈ ಪತ್ರವು ಮೈಮ್ ವಿಧಿಗೆ ಒಳಪಟ್ಟಿದೆ’ ಎಂಬುದು ಇದರ ತಾತ್ಪರ್ಯ. 1982ರ ಇಮೇಲ್ ನಿಯಮವು ಆಸ್ಕಿಯ 128 ಸಂಕೇತಗಳನ್ನಷ್ಟೇ ಬಲ್ಲುದು. ಇಂಗ್ಲಿಷಿನಾಚೆಯ ಲಿಪಿಗೆ ಅಲ್ಲಿ ಎಡೆಯಿರಲಿಲ್ಲ. ಆ ಕೊರತೆಯನ್ನು ನೀಗಲು ನೆಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ಮೈಮ್ ಅನ್ನು ಪ್ರಕಟಿಸಿದರು.

ಕಂಟೆಂಟ್-ಟೈಪ್: ಟೆಕ್ಸ್ಟ್/ಪ್ಲೇನ್; ಚಾರ್‌ಸೆಟ್=ಯುಟಿಎಫ್-8

ನಾಲ್ಕರಲ್ಲಿ ಇದೇ ಪ್ರಧಾನ. ‘ಟೆಕ್ಸ್ಟ್/ಪ್ಲೇನ್’ ಎಂದರೆ ಅಲಂಕಾರವಿಲ್ಲದ ಬರಹ. ‘ಚಾರ್‌ಸೆಟ್’ ಎಂಬುದು ಬೈಟುಗಳನ್ನು ಅಕ್ಷರಗಳಾಗಿ ಓದಬೇಕಾದ ಕ್ರಮ. ಕಂಪ್ಯೂಟರು ಒಯ್ಯುವುದು ಅಂಕಿಗಳನ್ನೇ ಹೊರತು ಅಕ್ಷರಗಳನ್ನಲ್ಲ. ಯುನಿಕೋಡ್‌ನಲ್ಲಿ ‘ಕ’ಕಾರದ ಸಂಖ್ಯೆ 3221; ಯುಟಿಎಫ್-8 ಅದನ್ನು 224, 178, 149 ಎಂಬ ಮೂರು ಬೈಟುಗಳಲ್ಲಿ ಬರೆಯುತ್ತದೆ. ಈ ಸಾಲು ತಪ್ಪಿಹೋಗಿ, ಓದುವ ತಂತ್ರಾಂಶವು ಪಶ್ಚಿಮ ಯೂರೋಪಿನ ವಿಂಡೋಸ್-1252 ಕ್ರಮವನ್ನು ಹಿಡಿಯಿತೆನ್ನಿ. ಆಗ ಒಂದು ‘ಕ’ದ ಜಾಗದಲ್ಲಿ ಮೂರು ಗುರುತುಗಳು ಬರುತ್ತವೆ: ನೆತ್ತಿಯ ಮೇಲೆ ಓರೆಗೆರೆಯುಳ್ಳ ಸಣ್ಣ ರೋಮನ್ ‘ಎ’, ಮೇಲಕ್ಕೇರಿದ ಪುಟ್ಟ ಎರಡರ ಅಂಕಿ, ಒಂದು ದಪ್ಪ ಚುಕ್ಕೆ. ಕಳೆದುದೇನೂ ಇಲ್ಲ, ಓದಿದ ಕ್ರಮ ಮಾತ್ರ ಬೇರೆ.

ಇಲ್ಲೊಂದು ಶಂಕೆ: ಸರಿಯಾದ ಫಾಂಟ್ ಇದ್ದರೆ ಸಾಲದೆ? ಸಾಲದು. ಹಳೆಯ ಆಸ್ಕಿ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ್ದು ಕಣ್ಣಿಗಷ್ಟೇ ಕನ್ನಡ. ಒಳಗಿದ್ದುದು ರೋಮನ್ ಸಂಕೇತಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ತಮ್ಮ ನಿಜರೂಪದಲ್ಲೇ ಕಾಣುತ್ತಿದ್ದವು. ಯಾವ ಚಾರ್‌ಸೆಟ್ ಸಾಲೂ ಅಂತಹ ಬರಹವನ್ನು ಕನ್ನಡವಾಗಿಸಲಾರದು. ಆದುದರಿಂದ ಯುನಿಕೋಡ್‌ನಲ್ಲಿಯೇ ಟೈಪಿಸುವುದು ಮೊದಲ ನಿಯಮ.

ಕಂಟೆಂಟ್-ಟ್ರಾನ್ಸ್‌ಫರ್-ಎನ್‌ಕೋಡಿಂಗ್: ಬೇಸ್64

ಇದು ಪ್ರಯಾಣದ ವೇಷ. ಹಳೆಯ ಸರ್ವರುಗಳು 127ಕ್ಕಿಂತ ದೊಡ್ಡ ಬೈಟುಗಳನ್ನು ಕೆಡಿಸಬಹುದಾದ್ದರಿಂದ, ಪ್ರತಿ ಮೂರು ಬೈಟುಗಳನ್ನು ನಾಲ್ಕು ಆಸ್ಕಿ ಗುರುತುಗಳಾಗಿ ಬದಲಿಸಿ ಕಳುಹಿಸಲಾಗುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ ಮೂರೇ ಬೈಟುಗಳಾದ್ದರಿಂದ ಲೆಕ್ಕ ಸೊಗಸಾಗಿ ಕೂಡುತ್ತದೆ: ‘ಕ’ ಎಂಬುದು ‘4, ಎಲ್, ಕೆ, ವಿ’ ಆಗುತ್ತದೆ. ‘ಕೋಟೆಡ್-ಪ್ರಿಂಟಬಲ್’ ಎಂಬ ಇನ್ನೊಂದು ವೇಷದಲ್ಲಿ ಅದೇ ‘ಕ’ಕ್ಕೆ ಒಂಬತ್ತು ಗುರುತುಗಳು ಬೇಕು. ಫ್ರೆಂಚಿನಂತೆ ಅಲ್ಲೊಂದು ಇಲ್ಲೊಂದು ವಿಶೇಷಾಕ್ಷರ ಬರುವ ಭಾಷೆಗೆ ಅದು ಒಪ್ಪುತ್ತದೆ. ಕನ್ನಡಕ್ಕೆ ಬೇಸ್64 ಲೇಸು.

ಸಬ್ಜೆಕ್ಟ್: =?ಯುಟಿಎಫ್-8?ಬಿ? … ?=

ವಿಷಯದ ಸಾಲಿಗೆ ಮೇಲಿನ ಎರಡು ಸಾಲುಗಳ ರಕ್ಷಣೆಯಿಲ್ಲ. ಅವು ಒಡಲಿಗಷ್ಟೇ ಸಲ್ಲುತ್ತವೆ. ಆದುದರಿಂದ ಇದು ತನ್ನ ಗುರುತುಚೀಟಿಯನ್ನು ತಾನೇ ಹೊತ್ತಿದೆ. ಮೊದಲ ಭಾಗ ಚಾರ್‌ಸೆಟ್. ‘ಬಿ’ ಎಂದರೆ ಬೇಸ್64. ಆಮೇಲೆ ವೇಷ ತೊಟ್ಟ ಬರಹ. ಇಡೀ ಪದ 75 ಗುರುತುಗಳನ್ನು ಮೀರಬಾರದೆಂಬುದು ವಿಧಿ. ಆವರಣಕ್ಕೆ ಹನ್ನೆರಡು ಹೋದರೆ, ಒಂದು ಪದದಲ್ಲಿ ಕನ್ನಡದ 15 ಸಂಕೇತಗಳಷ್ಟೇ ಹಿಡಿಯುತ್ತವೆ; ‘ಕ್ಷ’ ಒಂದೇ ಮೂರು ಸಂಕೇತಗಳನ್ನು ನುಂಗುತ್ತದೆ. ಹೆಚ್ಚಾದರೆ ಮುರಿದು ಇನ್ನೊಂದು ಪದ ಮಾಡಬೇಕು. ಆದರೆ ಒಂದು ಸಂಕೇತದ ಮೂರು ಬೈಟುಗಳ ನಡುವೆ ಕತ್ತರಿ ಬೀಳಕೂಡದು. ಬಿದ್ದರೆ ವಿಷಯದ ನಡುವೆ ಪ್ರಶ್ನಾರ್ಥಕ ಹೊತ್ತ ಕಪ್ಪು ವಜ್ರಾಕೃತಿ ಕಾಣಿಸಿಕೊಳ್ಳಬಹುದು.

ಓದುಗರು ಒಂದು ಭೇದವನ್ನು ನೆನಪಿಡಬೇಕು. ಪತ್ರದ ತುಂಬ ಓರೆಗೆರೆಯ ‘ಎ’ಗಳು ಕಂಡರೆ ಮೂಲ ಬಹುಮಟ್ಟಿಗೆ ಭದ್ರವಾಗಿದೆ, ಓದುವ ತಂತ್ರಾಂಶದಲ್ಲಿ ಎನ್‌ಕೋಡಿಂಗ್ ಆಯ್ಕೆಯಿದ್ದರೆ ಯುಟಿಎಫ್-8 ಆರಿಸಿದರಾಯಿತು. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಅಕ್ಷರಗಳು ದಾರಿಯಲ್ಲೇ ಅಳಿದಿರುವ ಸಂಭವವೇ ಹೆಚ್ಚು. ಕಳುಹಿಸಿದವರಿಂದ ಮತ್ತೊಮ್ಮೆ ತರಿಸಿಕೊಳ್ಳಬೇಕು.