ಹಳೆಯ ಆಯುಧಗಳ ಮೂಲ್ಯನಿರ್ಣಯ

ದೇವನಹಳ್ಳಿಯ ಕೋಟೆಗೆ ಸಮೀಪದ ಗ್ರಾಮವೊಂದರಲ್ಲಿರುವ ಒಂದು ಮನೆತನದವರು, ತಮ್ಮಲ್ಲಿದ್ದ ಹಳೆಯ ರಿವಾಲ್ವರಿನ ಮೇಲಿನ ಅಕ್ಷರಗಳನ್ನು ಓದಿ ಹೇಳಬೇಕೆಂದು ಈಚೆಗೆ ನಮ್ಮನ್ನು ಕರೆಸಿಕೊಂಡರು. ಯಜಮಾನರು ಕಾಲವಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಪರವಾನಗಿಯು ಅವರ ಹೆಸರಿನಲ್ಲಿದ್ದುದರಿಂದ ಆಯುಧವನ್ನು ಠಾಣೆಗೆ ಒಪ್ಪಿಸತಕ್ಕದ್ದೆಂಬುದು ಮನೆಯವರಿಗೆ ತಿಳಿದೇ ಇತ್ತು. ಅಷ್ಟರಲ್ಲಿ ದಲ್ಲಾಳಿಯೊಬ್ಬನು ಬಂದು, ಇದು ಟಿಪ್ಪು ಸುಲ್ತಾನನು ಸ್ವಹಸ್ತದಲ್ಲಿ ಹಿಡಿದ ಆಯುಧವೆಂದೂ, ಲಂಡನ್ನಿನಲ್ಲಿ ಇದಕ್ಕೆ ಕೋಟಿಗಟ್ಟಲೆ ಬೆಲೆ ಬರುವುದೆಂದೂ, ಕಾಗದಪತ್ರಗಳ ವೆಚ್ಚಕ್ಕೆ ಒಂದೂವರೆ ಲಕ್ಷ ರೂಪಾಯಿ ಮುಂಗಡ ಕೊಡಬೇಕೆಂದೂ ಹೇಳಿಹೋಗಿದ್ದನು. ಅದಕ್ಕಾಗಿ ಮನೆಯ ಹೆಂಗಸರ ಒಡವೆಗಳನ್ನು ಒತ್ತೆಯಿಡುವ ಮಾತು ನಡೆದಿತ್ತು.

ಅಕ್ಷರಗಳು ಪಾರಸಿಯವಲ್ಲ, ಇಂಗ್ಲಿಷಿನವು. ರೆಕ್ಕೆಗಳುಳ್ಳ ಗುಂಡಿನ ಮುದ್ರೆಯು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಾರ್ಖಾನೆಯದು. ಟಿಪ್ಪುವು ಮಡಿದುದು 1799ರ ಮೇ 4ರಂದು. ಸುತ್ತುವ ಉರುಳೆಯುಳ್ಳ ಕೋವಿಗಳು ಅದಕ್ಕೂ ಹಿಂದೆ ಅಲ್ಲೊಂದು ಇಲ್ಲೊಂದು ಕೌತುಕವಸ್ತುಗಳಾಗಿ ಇದ್ದುವೆಂಬುದು ನಿಜ. ಆದರೆ ಕೋಲ್ಟನು ಅಮೆರಿಕೆಯಲ್ಲಿ ತನ್ನ ರಿವಾಲ್ವರಿಗೆ ಹಕ್ಕುಪತ್ರವನ್ನು ಪಡೆದುದು 1836ರಲ್ಲಿ, ಲೋಹದ ತೋಟಾವನ್ನು ಉರುಳೆಗೆ ಹಿಂದಿನಿಂದ ತುಂಬುವ ಕ್ರಮವು ಬಳಕೆಗೆ ಬಂದುದು 1850ರ ದಶಕದಿಂದ ಈಚೆಗೆ. ಆದುದರಿಂದ ಸುಲ್ತಾನನಿಗೂ ಈ ಆಯುಧಕ್ಕೂ ಸಂಬಂಧವನ್ನು ಕಲ್ಪಿಸುವುದು ವಂಧ್ಯಾಪುತ್ರನಿಗೆ ಜಾತಕ ಬರೆದಂತೆಯೇ ಸರಿ.

ಆದರೂ ಆ ಮನೆಯವರನ್ನು ಮೂಢರೆನ್ನಲು ನಮಗೆ ಮನಸ್ಸಿಲ್ಲ. ದಲ್ಲಾಳಿಯು ಹೇಳಿದ ಸುಳ್ಳಿಗೆ ಹರಾಜುಪಟ್ಟಿಗಳೇ ಬೆಂಬಲವಾಗಿರುವುವು. 2015ರ ಏಪ್ರಿಲಿನಲ್ಲಿ ಲಂಡನ್ನಿನ ಬಾನಮ್ಸ್ ಸಂಸ್ಥೆಯು ಟಿಪ್ಪುವಿಗೆ ಸಂಬಂಧಿಸಿದ ಸುಮಾರು ಮೂವತ್ತು ವಸ್ತುಗಳನ್ನು ಹರಾಜು ಮಾಡಿದಾಗ ಒಟ್ಟು ಅರುವತ್ತು ಲಕ್ಷ ಪೌಂಡಿಗೂ ಮಿಕ್ಕಿ ಬಂದಿತು; ಅವುಗಳಲ್ಲಿ ಒಂದು ಚಕಮಕಿ ಬೇಟೆಕೋವಿಗೇ ಏಳು ಲಕ್ಷ ಪೌಂಡನ್ನು ಮೀರಿದ ಬೆಲೆ. ನಾಲ್ಕು ವರ್ಷಗಳ ತರುವಾಯ, 2019ರ ಮಾರ್ಚಿಯಲ್ಲಿ, ಬರ್ಕ್‌ಷೈರಿನ ಹರಾಜೊಂದರಲ್ಲಿ ಅದೇ ಸುಲ್ತಾನನದೆಂದು ಹೇಳಲಾದ, ಬೆಳ್ಳಿಯ ಕಟ್ಟುಳ್ಳ ಚಕಮಕಿ ಕೋವಿಯು ಬಯೊನೆಟ್ಟಿನೊಡನೆ ಅರುವತ್ತು ಸಾವಿರ ಪೌಂಡಿಗೆ ಹೋಯಿತು. 2023ರ ಮೇ ತಿಂಗಳಿನಲ್ಲಿ ಟಿಪ್ಪುವಿನ ಶಯ್ಯಾಗೃಹದ ಖಡ್ಗವೆಂಬುದು ಸುಮಾರು ಒಂದು ಕೋಟಿ ನಲ್ವತ್ತು ಲಕ್ಷ ಪೌಂಡಿಗೆ ಮಾರಾಟವಾಯಿತು. ಸಂಸ್ಥೆಯವರ ಪೂರ್ವಾಂದಾಜಾದರೋ ಹದಿನೈದರಿಂದ ಇಪ್ಪತ್ತು ಲಕ್ಷ ಮಾತ್ರ. ಅದೇ ವರ್ಷದ ಅಕ್ಟೋಬರಿನಲ್ಲಿ ಕ್ರಿಸ್ಟೀಸ್ ಸಂಸ್ಥೆಯು ಅದೇ ಅಂದಾಜಿನಲ್ಲಿ ಇನ್ನೊಂದು ಶಯ್ಯಾಗೃಹದ ಖಡ್ಗವನ್ನು ಮುಂದಿಟ್ಟಾಗ ಕೊಳ್ಳುವವರೇ ಸಿಕ್ಕಲಿಲ್ಲ. ಐದು ತಿಂಗಳುಗಳಲ್ಲಿ ಲೋಹವೂ ಕುಶಲತೆಯೂ ಸುಲ್ತಾನನ ಕೀರ್ತಿಯೂ ಬದಲಾಗಲಿಲ್ಲವಷ್ಟೆ. ಹರಾಜಿನಲ್ಲಿ ಬಂದ ಬೆಲೆಯು ಅಂದು ಆ ಸಭೆಯಲ್ಲಿದ್ದ ಇಬ್ಬರ ಹಟಕ್ಕೆ ಪ್ರಮಾಣವೇ ಹೊರತು ವಸ್ತುವಿನ ಯೋಗ್ಯತೆಗೆ ಪ್ರಮಾಣವಲ್ಲ.

ಹಾಗಾದರೆ ನ್ಯಾಯವಾದ ಬೆಲೆಯನ್ನು ಕಾಣುವ ಬಗೆಯೇನು? ನಮ್ಮ ಅಭಿಪ್ರಾಯದಲ್ಲಿ ಹಳೆಯ ಆಯುಧದ ಬೆಲೆಯು ಎರಡು ಬೆಲೆಗಳ ಮೊತ್ತ. ಒಂದು ವಸ್ತುವಿನದು, ಮತ್ತೊಂದು ವಸ್ತುವಿನ ಕಥೆಯದು. ಮೊದಲನೆಯದು ಪ್ರತ್ಯಕ್ಷದಿಂದ ಸಿದ್ಧಿಸುವುದು, ಎರಡನೆಯದು ಶಬ್ದದಿಂದ. ಇವೆರಡನ್ನೂ ಬಿಡಿಸದೆ ಒಂದೇ ಅಂಕಿಯಲ್ಲಿ ಅಡಗಿಸುವುದೇ ಹರಾಜುಪಟ್ಟಿಗಳ ದೊಡ್ಡ ದೋಷ.

ವಸ್ತುವಿನ ಬೆಲೆಯ ವಿಷಯದಲ್ಲಿ ನಮ್ಮ ರತ್ನಪರೀಕ್ಷಕರು ಹಾಕಿಕೊಟ್ಟ ದಾರಿಯು ಇಂದಿಗೂ ನಡೆಯತಕ್ಕದ್ದೇ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಖಡ್ಗಲಕ್ಷಣಕ್ಕೆ ಒಂದು ಅಧ್ಯಾಯವನ್ನೂ ರತ್ನಗಳಿಗೆ ಹಲವು ಅಧ್ಯಾಯಗಳನ್ನೂ ಮೀಸಲಿಟ್ಟಿರುವನು. ವಜ್ರದ ತೂಕವು ಕುಗ್ಗಿದಂತೆ ಅದರ ಬೆಲೆಯು ಅದೇ ಪ್ರಮಾಣದಲ್ಲಿ ಇಳಿಯದೆ, ಅದಕ್ಕಿಂತ ಬೇಗನೆ ಇಳಿಯುವುದೆಂದು ಅವನು ಲೆಕ್ಕಹಾಕಿರುವ ರೀತಿಯು ಗಮನಾರ್ಹವಾದುದು. ಹಳೆಯ ರಿವಾಲ್ವರಿನ ನ್ಯಾಯವೂ ಇದೇ. ಕಾರ್ಖಾನೆಯಲ್ಲಿ ಕೊಟ್ಟ ನೀಲಿಯ ಬಣ್ಣವು ಮುಕ್ಕಾಲುಪಾಲು ಉಳಿದ ಆಯುಧಕ್ಕೂ ಕಾಲುಪಾಲು ಉಳಿದುದಕ್ಕೂ ಇರುವ ಅಂತರವು ಮೂರಕ್ಕೆ ಒಂದರಂತೆ ನಿಲ್ಲುವುದಿಲ್ಲ. ಬೆಲೆಯು ಮೊದಲ ಕೊರತೆಯಲ್ಲಿಯೇ ಹೆಚ್ಚಾಗಿ ಕುಸಿಯುವುದು. ಸವೆದ ಬಣ್ಣಕ್ಕಿಂತಲೂ ಕೆಟ್ಟದ್ದು ಹೊಸದಾಗಿ ಹಾಕಿಸಿದ ಮೆರುಗು. ಉಜ್ಜುವಾಗ ಮುದ್ರೆಗಳ ಅಂಚು ಮೊಂಡಾಗುವುದು, ತಿರುಪುಗಳ ಸುತ್ತ ತಗ್ಗು ಬೀಳುವುದು. ಹಳತನ್ನು ಹೊಸದು ಮಾಡಹೋಗಿ ಎರಡನ್ನೂ ಕಳೆದುಕೊಂಡಂತಾಗುವುದು. ಒಡಲಿನ ಮೇಲಿನ ಸಂಖ್ಯೆಯೂ ಉರುಳೆಯ ಮೇಲಿನ ಸಂಖ್ಯೆಯೂ ಒಂದೇ ಆಗಿರುವುವೋ ನೋಡಬೇಕು. ಬೇರೆಯಾಗಿದ್ದರೆ ಅದು ಎರಡು ಆಯುಧಗಳನ್ನು ಕೂಡಿಸಿದ ಸಂಕರವೆಂದು ತಿಳಿಯಬೇಕು. ಅಮೆರಿಕೆಗೆ ಹೋದ ಹಲವು ವೆಬ್ಲಿಗಳ ಉರುಳೆಯ ಹಿಂಬದಿಯನ್ನು, ಅಲ್ಲಿ ಸುಲಭವಾಗಿ ದೊರೆಯುವ ತೋಟಾ ಹಿಡಿಸಲೆಂದು, ತರೆದುಬಿಟ್ಟಿರುವರು. ಸಂಗ್ರಾಹಕರು ಅಂತಹವುಗಳನ್ನು ಕಾಕಪದ ಬಿದ್ದ ವಜ್ರದಂತೆ ಕಾಣುವರು. ಅದು ಸರಿಯೂ ಹೌದು.

ಶ್ರೀರಂಗಪಟ್ಟಣದ ಕೋವಿಗಳಿಗೆ ಈ ವಿಷಯದಲ್ಲಿ ಒಂದು ವಿಶೇಷವಾದ ಅನುಕೂಲವಿರುವುದು. ಅವು ತಾವೇ ಮಾತನಾಡುವುವು. ಹುಲಿಯ ಪಟ್ಟೆಯ ಅಲಂಕಾರ, ಮಾಡಿದವನ ಹೆಸರು, ಪಟ್ಟಣದ ಹೆಸರು, ಟಿಪ್ಪುವು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ, ಹೈದರನ ಹೆಸರಿನ ಅಕ್ಷರಗಳನ್ನು ಚೌಕದಲ್ಲಿ ಕೂಡಿಸಿದ ಮುದ್ರೆ ಇವೆಲ್ಲವೂ ಉತ್ತಮವಾದ ಕೋವಿಗಳಲ್ಲಿ ದೊರೆಯುವುವು. 2023ರಲ್ಲಿ ಬ್ರಿಟಿಷ್ ಸರ್ಕಾರವು ದೇಶದಿಂದ ಹೊರಕ್ಕೆ ಹೋಗದಂತೆ ತಾತ್ಕಾಲಿಕವಾಗಿ ತಡೆದ, ಇಪ್ಪತ್ತು ಲಕ್ಷ ಪೌಂಡು ಬೆಲೆಕಟ್ಟಲಾದ ಬೇಟೆಕೋವಿಯು ಇಂತಹುದು. ಅದರ ಮೇಲೆ ಅಸದ್ ಖಾನ್ ಮಹಮ್ಮದನೆಂಬ ಕಮ್ಮಟಿಗನ ಹೆಸರಿದೆ, ಕಾಲವು 1793–94. ಮಾಡಿದವನ ಹೆಸರನ್ನು ಕೋವಿಯ ಮೇಲೆ ಬರೆಯಿಸಿದ ದೊರೆಯನ್ನು ಕುರಿತು ಬೇರೆ ಏನೇ ಹೇಳಲಿ, ಕುಶಲಿಯನ್ನು ಮರೆತವನೆಂದು ಹೇಳಲಾಗದು.

ಆದರೆ ಇದೇ ಕೋವಿಯ ಕಥೆಯನ್ನು ಸ್ವಲ್ಪ ಶೋಧಿಸಬೇಕಾಗಿದೆ. ಇದು ಲಾರ್ಡ್ ಕಾರ್ನವಾಲಿಸನಿಗೆ ಅರ್ಪಿತವಾಯಿತೆಂದು ಹೇಳಿಕೆ. ದೇವನಹಳ್ಳಿಯ ಕೋಟೆಯನ್ನು 1791ರಲ್ಲಿ ಹಿಡಿದವನು ಇವನೇ. ಆದರೆ ಇವನು 1793ರಲ್ಲಿಯೇ ಹಿಂದೂದೇಶವನ್ನು ಬಿಟ್ಟನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಐರ್ಲೆಂಡಿನಲ್ಲಿದ್ದನು. ಮರಳಿ ಇಲ್ಲಿಗೆ ಬಂದುದು 1805ರಲ್ಲಿ, ಅದೇ ವರ್ಷ ಗಾಜೀಪುರದಲ್ಲಿ ಮಡಿದನು. ಅಂದಮೇಲೆ ಕೋವಿಯು ಸುಲ್ತಾನನ ಆಯುಧಾಗಾರದಿಂದ ಇವನ ಕೈಗೆ ನೇರವಾಗಿ ಬಂದುದಲ್ಲ. ನಡುವೆ ಮತ್ತೊಂದು ಕೈಯಿರಲೇಬೇಕು. ಆ ಕೈ ಯಾರದೆಂಬುದೇ ಕಥೆಯ ಬೆಲೆಯನ್ನು ನಿಶ್ಚಯಿಸತಕ್ಕ ಅಂಶ. ‘ಅರ್ಪಿತವಾಯಿತು’ ಎಂಬ ಕರ್ಮಣಿ ಪ್ರಯೋಗದಲ್ಲಿ ಕರ್ತೃವು ಎಷ್ಟು ಸುಖವಾಗಿ ಮರೆಯಾಗುವನೆಂಬುದು ವೈಯಾಕರಣರಿಗೆ ಹೊಸ ಸಂಗತಿಯಲ್ಲ.

ಕಥೆಗೆ ಬೆಲೆಯನ್ನೇ ಕೊಡಬಾರದೆಂದು ನಾವು ಹೇಳುವುದಿಲ್ಲ. ಆಪ್ತವಾಕ್ಯವಿದ್ದಷ್ಟಕ್ಕೆ ಕೊಡತಕ್ಕದ್ದು. ಫ್ರೆಂಚ್ ಕವಿ ವರ್ಲೇನನು 1873ರಲ್ಲಿ ಬ್ರಸೆಲ್ಸಿನಲ್ಲಿ ತನ್ನ ಗೆಳೆಯ ರಾಂಬೋವಿಗೆ ಗುಂಡು ಹಾರಿಸಿದನೆಂಬುದು ಅಲ್ಲಿಯ ನ್ಯಾಯಾಲಯದ ದಾಖಲೆಯಲ್ಲಿದೆ. ಆ ರಿವಾಲ್ವರು 2016ರಲ್ಲಿ ಪ್ಯಾರಿಸ್ಸಿನಲ್ಲಿ 4,34,500 ಯೂರೋಗಳಿಗೆ ಮಾರಾಟವಾಯಿತು. ಚಿತ್ರಕಾರ ವ್ಯಾನ್ ಗೋನು ತನ್ನನ್ನು ತಾನೇ ಹೊಡೆದುಕೊಂಡ ಆಯುಧವೆಂದು ನಂಬಲಾದ ಮತ್ತೊಂದು ರಿವಾಲ್ವರಾದರೋ 1960ರ ಸುಮಾರಿನಲ್ಲಿ ಹೊಲದಲ್ಲಿ ರೈತನಿಗೆ ಸಿಕ್ಕಿದ, ತುಕ್ಕಿನಿಂದ ತಿಂದುಹೋದ ಕಬ್ಬಿಣ. ಸ್ಥಳ, ಗುಂಡಿನ ಗಾತ್ರ, ನೆಲದಲ್ಲಿದ್ದ ಕಾಲ ಇವುಗಳಿಂದ ಮಾಡಿದ ಅನುಮಾನವಲ್ಲದೆ ಅದಕ್ಕೆ ಬೇರೆ ಸಾಕ್ಷ್ಯವಿಲ್ಲ. 2019ರಲ್ಲಿ ಅದಕ್ಕೆ ಬಂದುದು 1,62,500 ಯೂರೋ. ದಾಖಲೆಯುಳ್ಳ ಕಥೆಗೂ ಅನುಮಾನದ ಕಥೆಗೂ ಇಲ್ಲಿ ಮಾತ್ರ ಹರಾಜಿನವರೇ ಅಂತರವನ್ನು ಕಂಡಿರುವರು; ಆದರೂ ತುಕ್ಕಿಗೆ ಅಷ್ಟು ಹಣವು ನಮಗೆ ಅತಿಯೆನಿಸುತ್ತದೆ.

ಇನ್ನು ಸ್ವಾಮ್ಯದ ಮಾತು. ಹರಾಜುಪಟ್ಟಿಗಳು ‘ಶ್ರೀರಂಗಪಟ್ಟಣ, 1799’ ಎಂದು ಬರೆದು, ಅದನ್ನೇ ಗುಣವೆಂದು ಎಣಿಸಿ ಬೆಲೆಯನ್ನು ಏರಿಸುವುವು. ಯಾಜ್ಞವಲ್ಕ್ಯಸ್ಮೃತಿಯೂ, ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಅದಕ್ಕೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನೂ ಬರಿಯ ಭೋಗಕ್ಕಿಂತ ಆಗಮವು, ಅಂದರೆ ವಸ್ತುವು ನ್ಯಾಯವಾಗಿ ಬಂದ ಬಗೆಯು, ಬಲವತ್ತರವೆಂದು ಹೇಳುವರು. ಗುಟ್ಟಾಗಿ, ಅಕಾಲದಲ್ಲಿ, ಹೀನಮೂಲ್ಯಕ್ಕೆ ಕೊಂಡವನನ್ನು ಕಳ್ಳನಂತೆಯೇ ಕಾಣಬೇಕೆಂಬ ವಿಧಿಯೂ ಅಲ್ಲಿದೆ. ಬೆಲೆಯೇ ಸ್ವಾಮ್ಯಕ್ಕೆ ಸಾಕ್ಷಿಯಾಗುವುದೆಂಬ ಈ ಸೂಕ್ಷ್ಮವು ಇಂದಿನ ವ್ಯಾಪಾರಿಗಳಿಗೆ ತಿಳಿದಿದ್ದರೆ ಒಳ್ಳೆಯದಿತ್ತು. ಪ್ರತಿಪಕ್ಷವನ್ನೂ ಮರೆಮಾಚತಕ್ಕದ್ದಲ್ಲ: ಕ್ಷತ್ರಿಯನಿಗೆ ಜಯದಿಂದ ಬಂದುದೂ ಸ್ವವೇ ಎಂದು ಗೌತಮನ ಧರ್ಮಸೂತ್ರವು ಒಪ್ಪುವುದು. ಆದರೆ ಜಯದ ಹಂಚಿಕೆಗೂ ಕ್ರಮವಿರುವುದು. ಮೇ 4ರ ರಾತ್ರಿ ಸಿಪಾಯಿಗಳು ಪಟ್ಟಣವನ್ನು ಸೂರೆಮಾಡಿದರು. ಮರುದಿನ ಆರ್ಥರ್ ವೆಲೆಸ್ಲಿಯು ಅಧಿಕಾರವನ್ನು ವಹಿಸಿಕೊಂಡು ಕೆಲವರನ್ನು ಗಲ್ಲಿಗೇರಿಸಿ ಅದನ್ನು ನಿಲ್ಲಿಸಬೇಕಾಯಿತು. ಸೇನೆಯು ಲೆಕ್ಕವಿಟ್ಟು ಹಂಚಿದ ವಸ್ತುವು ಒಂದು ಬಗೆ. ಆ ರಾತ್ರಿ ಜೋಳಿಗೆಗೆ ಬಿದ್ದ ವಸ್ತುವು, ಅವರ ಸೇನಾನಿಯ ನ್ಯಾಯದಂತೆಯೇ, ಕಳವು. ಈ ಎರಡನ್ನೂ ಬೇರ್ಪಡಿಸದ ಪಟ್ಟಿಯು ಬೆಲೆಯನ್ನು ಹೇಳಲು ಅರ್ಹವಲ್ಲವೆಂದು ನಾವು ಭಾವಿಸುವೆವು.

ನಮ್ಮ ದೇಶದೊಳಗೆ ಇರುವ ಆಯುಧಕ್ಕೆ ಲಂಡನ್ನಿನ ಬೆಲೆಯು ಅನ್ವಯಿಸುವುದೇ ಇಲ್ಲ. ನೂರು ವರ್ಷಕ್ಕೆ ಮೇಲ್ಪಟ್ಟ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪುರಾವಸ್ತು ಕಾಯಿದೆಯು ನಿಷೇಧಿಸಿದೆ. 1959ರ ಆಯುಧ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಪಿತ್ರಾರ್ಜಿತವೂ ಸೇರಿ, ಒಬ್ಬನಲ್ಲಿ ಎರಡಕ್ಕಿಂತ ಹೆಚ್ಚು ಕೋವಿಗಳಿರಕೂಡದು. ವಿದೇಶೀ ಆಯುಧಗಳ ಆಮದು 1980ರ ದಶಕದಲ್ಲಿ ನಿಂತಮೇಲೆ ಹಳೆಯ ವೆಬ್ಲಿಗಳಿಗೆ ಇಲ್ಲಿ ಬಂದಿರುವ ಏರುಬೆಲೆಯು ಪುರಾತನತ್ವದ ಬೆಲೆಯಲ್ಲ, ಅಭಾವದ ಬೆಲೆ.

ದೇವನಹಳ್ಳಿಯ ಮನೆಯಲ್ಲಿ ಇಷ್ಟನ್ನು ವಿವರಿಸಿದಾಗ ಹಿರಿಯ ಮಗನು, “ಹಾಗಾದರೆ ಇದಕ್ಕೆ ಬೆಲೆಯೇ ಇಲ್ಲವೇ, ಸ್ವಾಮಿ?” ಎಂದು ಕೇಳಿದನು. ಪೆಟ್ಟಿಗೆಯನ್ನು ಶೋಧಿಸಿದರೆ ಅಡಿಯಲ್ಲಿ ಅವನ ತಾತನ ಹೆಸರಿನ ಪರವಾನಗಿಯ ಪುಸ್ತಕವೂ, ಬೆಂಗಳೂರಿನ ದಂಡಿನ ಅಂಗಡಿಯೊಂದರ ರಶೀದಿಯೂ ದೊರೆತುವು. ರಶೀದಿಯ ಸಂಖ್ಯೆಯು ಒಡಲಿನ ಸಂಖ್ಯೆಗೆ ಸರಿಹೊಂದಿತು. ಉರುಳೆಯದು ಮಾತ್ರ ಬೇರೆ. ಎಂದೋ ರಿಪೇರಿಯಲ್ಲಿ ಬದಲಾಗಿರಬೇಕು. ಆಯುಧವನ್ನು ಠಾಣೆಗೆ ಒಪ್ಪಿಸಿ, ಪರವಾನಗಿಯುಳ್ಳ ವ್ಯಾಪಾರಿಗೆ ಮಾರುವಾಗ ಈ ಎರಡು ಕಾಗದಗಳನ್ನು ಅದರಿಂದ ಅಗಲಿಸದೆ ಕೊಡಬೇಕೆಂದೂ, ಉರುಳೆಯ ವಿಷಯವನ್ನು ಮೊದಲೇ ತಿಳಿಸಬೇಕೆಂದೂ ಹೇಳಿದೆವು. ಯಜಮಾನಿಯು ಒಡವೆಗಳ ಗಂಟನ್ನು ಒಳಕ್ಕೆ ಒಯ್ದಳು. ದಲ್ಲಾಳಿಯು ಮರುವಾರ ಬಂದು ವಿಚಾರಿಸಿ ಹೋದನೆಂದು ಕೇಳಿಬಂದಿತು.