‘ನಮ್ಮ’ ಎಂಬುದರ ವ್ಯಾಪ್ತಿ: ವಲಸಿಗರ ಭಾಷಾಪಾಠದಲ್ಲಿ ನಾಡಿನ ಪುರಾಣ

ಅಮೆರಿಕದ ಪೌರತ್ವ ಪರೀಕ್ಷೆಯಲ್ಲಿ ಪೌರನೀತಿ ಮತ್ತು ಇಂಗ್ಲಿಷ್ ಬೇರೆ ಬೇರೆ ಭಾಗಗಳು. 2008ರ ಆವೃತ್ತಿಯ ಪೌರನೀತಿ ಭಾಗದಲ್ಲಿ 100 ಪ್ರಶ್ನೆಗಳ ಪಟ್ಟಿಯಿಂದ 10ನ್ನು ಕೇಳಿ, 6ಕ್ಕೆ ಸರಿಯುತ್ತರವನ್ನು ಅಪೇಕ್ಷಿಸಲಾಗುತ್ತದೆ. ಚರ್ಚೆ ಸಾಮಾನ್ಯವಾಗಿ ಈ ಪ್ರಶ್ನೆಗಳ ಸುತ್ತಲೇ ನಿಲ್ಲುತ್ತದೆ. ಭಾಷಾವಿಜ್ಞಾನಕ್ಕೆ ಅದಕ್ಕಿಂತ ಮುಖ್ಯವಾದುದು ಇಂಗ್ಲಿಷ್ ಬರೆವಣಿಗೆಯ ಶಬ್ದಪಟ್ಟಿ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ‘ಫಾದರ್ ಆಫ್ ಅವರ್ ಕಂಟ್ರಿ’ ಎಂಬ ಪದಪುಂಜ ಇಡಿಯಾಗಿ ಒಂದು ನಮೂದು. ಅದೇ ಪಟ್ಟಿಯಲ್ಲಿ ‘ಅಮೆರಿಕನ್ ಇಂಡಿಯನ್ಸ್’ ಕೂಡ ಇದೆ. ಅದಕ್ಕೆ ಯಾವ ಸರ್ವನಾಮವೂ ಅಂಟಿಲ್ಲ.

ಅಭ್ಯರ್ಥಿ ಬರೆಯುವುದು ಉಕ್ತಲೇಖನ. ಧ್ವನಿ ಅಧಿಕಾರಿಯದು, ಕೈ ಅಭ್ಯರ್ಥಿಯದು. ಹಾಗಾದರೆ ‘ಅವರ್’ ಯಾರ ಮಾತು? ದೇಶಕ್ಕೊಬ್ಬ ತಂದೆಯಿದ್ದಾನೆಂದು ಈ ಪದಪುಂಜ ಪ್ರತಿಪಾದಿಸುವುದಿಲ್ಲ. ಅದನ್ನು ಪೂರ್ವಗೃಹೀತವಾಗಿ ಇರಿಸಿಕೊಳ್ಳುತ್ತದೆ. ಪ್ರತಿಪಾದನೆಯನ್ನು ಅಲ್ಲಗಳೆಯಬಹುದು. ಬರೆದು ತೇರ್ಗಡೆಯಾಗಬೇಕಾದ ವಾಕ್ಯದ ಪೂರ್ವಗೃಹೀತವನ್ನು ಅಲ್ಲಗಳೆಯಲು ಎಡೆಯಿಲ್ಲ.

ವಲಸೆ ಹೋದ ಕನ್ನಡಿಗನಿಗೆ ಈ ತೊಡಕು ತಟ್ಟದಿರಬಹುದು, ಏಕೆಂದರೆ ಇಂಗ್ಲಿಷಿನಂತೆ ಕನ್ನಡದ ‘ನಮ್ಮ’ಕ್ಕೂ ಒಂದೇ ರೂಪ. ಗೆಳೆಯನೆದುರು ‘ನಮ್ಮಪ್ಪ’ ಎಂದರೆ ಕೇಳುಗ ಹೊರಗೆ. ಅವನೊಡನೆ ನಿಲ್ದಾಣದಲ್ಲಿ ನಿಂತು ‘ನಮ್ಮ ಬಸ್ಸು ಬಂತು’ ಎಂದರೆ ಒಳಗೆ. ಸಂದರ್ಭವೇ ನಿರ್ಣಾಯಕ. ತೆಲುಗಿನಲ್ಲಿ ಕೇಳುಗನನ್ನು ಸೇರಿಸಿಕೊಳ್ಳುವ ‘ಮನ’ ಬೇರೆ, ಹೊರಗಿಡುವ ‘ಮಾ’ ಬೇರೆ. ಮೂಲದ್ರಾವಿಡಕ್ಕೂ ಊಹಿಸಲಾಗಿರುವ ಈ ಭೇದವನ್ನು ಇಂದಿನ ಕನ್ನಡ ಬಿಟ್ಟುಕೊಟ್ಟಿದೆ. ಇಂಡೋ-ಆರ್ಯನ್ ಆದ ಮರಾಠಿ, ಗುಜರಾತಿಗಳು ಅದನ್ನು ಉಳಿಸಿಕೊಂಡಿರುವುದು ಕುತೂಹಲದ ಸಂಗತಿ.

ಆದ್ದರಿಂದ ಕನ್ನಡವನ್ನೇ ಕಲಿಸುವಾಗ ಈ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ವಲಸೆ ಬಂದವರ ಮಕ್ಕಳೂ ಅದರ ವ್ಯಾಪ್ತಿಯಲ್ಲಿದ್ದಾರೆ. ಇಳಕಲ್ಲಿನ ಗ್ರಾನೈಟ್ ಕೆಲಸಕ್ಕೆ ಬಂದ ತೆಲುಗು ಕುಟುಂಬದ ಹುಡುಗಿಯೊಬ್ಬಳನ್ನು ಊಹಿಸೋಣ. ಭೂತಕಾಲದ ಅಭ್ಯಾಸಕ್ಕೆಂದು ‘ನಮ್ಮ ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದನು’ ಎಂಬ ವಾಕ್ಯವನ್ನು ಕೊಟ್ಟರೆ, ಇದು ‘ಮನ’ವೋ ‘ಮಾ’ವೋ ಎಂದು ಆಕೆ ಕೇಳುವುದು ಅಪ್ಪಟ ವ್ಯಾಕರಣದ ಪ್ರಶ್ನೆ. ಅದಕ್ಕೆ ಉತ್ತರ ಮಾತ್ರ ವ್ಯಾಕರಣದಲ್ಲಿಲ್ಲ.

ಆ ವಿಜಯವನ್ನು ಹಾಡುವ ಐಹೊಳೆಯ ಮೇಗುತಿ ಶಾಸನ (634) ರವಿಕೀರ್ತಿಯ ಸಂಸ್ಕೃತ ಕಾವ್ಯ. 642ರ ಸುಮಾರಿಗೆ ಪಲ್ಲವರು ವಾತಾಪಿಯನ್ನು ಗೆದ್ದ ಸಂಗತಿಗೆ ‘ನಮ್ಮ’ ಹತ್ತುವುದು ಅಪರೂಪ. ಸುಮಾರು 700ರ ಕಪ್ಪೆ ಅರಭಟ್ಟನ ಬಾದಾಮಿ ಶಾಸನವನ್ನು ನೋಡಿ: ಒಂದೇ ಬಂಡೆಯ ಮೇಲೆ ಸಂಸ್ಕೃತವೂ ಇದೆ, ಕನ್ನಡದ ತ್ರಿಪದಿಯೂ ಇದೆ. ಮನೆಯಲ್ಲೊಂದು, ಶಾಲೆಯಲ್ಲೊಂದು ನುಡಿಯಿರುವ ಮಗುವಿಗೆ ದಿಗ್ವಿಜಯಕ್ಕಿಂತ ಈ ಬಂಡೆ ಹತ್ತಿರದ ಪಾಠವೆಂದು ನಾವು ಭಾವಿಸುತ್ತೇವೆ.

ಕಥೆಯಿಲ್ಲದ ಪೌರನೀತಿ ಒಣ ನಿಯಮಪಟ್ಟಿಯಾದೀತೆಂಬ ಆಕ್ಷೇಪದಲ್ಲಿ ಹುರುಳಿದೆ. ಬಂದವರಿಗೂ ‘ನಮ್ಮ’ ಎನ್ನುವ ಆಸೆಯಿರುತ್ತದೆ. ಇಳಕಲ್ಲಿನಲ್ಲಿ ನೆಲೆನಿಂತವಳು ತಾನಾಗಿಯೇ ‘ನಮ್ಮ ಇಳಕಲ್’ ಎಂದರೆ ಅದು ಅವಳ ಪ್ರತಿಪಾದನೆ. (ಸ್ಥಳೀಯರಲ್ಲೂ ಇದು ಸರಳವಲ್ಲ. ಆಲಮಟ್ಟಿ ಹಿನ್ನೀರಿನ ದೆಸೆಯಿಂದ ಬಾಗಲಕೋಟೆಯ ನವನಗರಕ್ಕೆ ಬಂದವರು ‘ನಮ್ಮೂರು’ ಎಂದಾಗ ಯಾವ ಊರೆಂದು ಕೇಳಿಯೇ ತಿಳಿಯಬೇಕು.) ಪುಲಕೇಶಿಯ ಕಥೆ ಪಾಠದಲ್ಲಿರಲಿ, ಆದರೆ ಪ್ರಶ್ನಿಸಬಹುದಾದ ಹೇಳಿಕೆಯಾಗಿ, ಪ್ರಥಮ ಪುರುಷದಲ್ಲಿರಲಿ. ಕ್ರಿಯಾಪದದ ಅಭ್ಯಾಸದೊಳಗೆ ಅದನ್ನು ಹುದುಗಿಸುವುದಕ್ಕೆ ನಮ್ಮ ವಿರೋಧವಿದೆ.

ವಯಸ್ಕರ ಪಾಠದಲ್ಲಂತೂ ‘ಪಗಾರ’, ‘ಸೂಟಿ’ಗಳಂಥ ಈ ಸೀಮೆಯ ಮಾತುಗಳು ಚಾಲುಕ್ಯರಿಗಿಂತ ಮೊದಲು ಬರಬೇಕು. ‘ನಮ್ಮ ಪಗಾರ ಯಾವಾಗ ಕೊಡ್ತೀರಿ?’ ಎಂಬ ವಾಕ್ಯದ ‘ನಮ್ಮ’ದಲ್ಲಿ ಕೇಳುಗನಾದ ಮಾಲೀಕ ಸೇರಿಲ್ಲವೆಂಬುದನ್ನು ಯಾವ ಕಲಿಯುವವನಿಗೂ ಬಿಡಿಸಿ ಹೇಳಬೇಕಾಗಿಲ್ಲ.